ಮಳೆ ಎಷ್ಟು ಬಿತ್ತು ಅನ್ನಬೇಡಿ, ಯಾವಾಗ ಬಿತ್ತು ಹೇಳಿ

ಶರಣು ಶರಣಾರ್ಥಿ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ವಾಡಿಕೆಗಿಂತ ಜಾಸ್ತಿ ಮಳೆ ಆಗಿದೆಯಲ್ಲ, ಇನ್ನೂ ಯಾಕೆ ಅಳುತ್ತೀರಿ?" ಎರಡು ದಿನದಿಂದ ಆ ಮಾತು ತಲೆಯಲ್ಲೇ ಕೂತಿದೆ, ಊಟ ರುಚಿಸುತ್ತಿಲ್ಲ.

ಸರ್, ಎಷ್ಟು ಬಿತ್ತು ಅನ್ನೋದನ್ನು ಬಿಡಿ. ಯಾವಾಗ ಬಿತ್ತು, ಅದನ್ನು ಹೇಳಿ.

ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಮೇಲೆ ಮಳೆ ಹೆಚ್ಚುಕಡಿಮೆ ಮುಗಿದ ಹಾಗೆಯೇ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದ ತನಕ ಬರುವ ಉತ್ತರಿ, ಹಸ್ತ ನಕ್ಷತ್ರದ ಮಳೆ ನೆಲದೊಳಗೆ ಬಿಟ್ಟುಹೋದ ಹಸಿಯನ್ನೇ ಹೀರಿಕೊಂಡು ಪೈರು ಬೆಳೆಯಬೇಕು, ತೆನೆ ಬಿಡಬೇಕು, ಕಾಳು ಕಟ್ಟಬೇಕು. ಆ ಹಸಿ ಇಲ್ಲದಿದ್ದರೆ ಜೂನ್‌ನಲ್ಲಿ ಹಳ್ಳ ಹರಿದರೂ ಏನು ಬಂತು? ಬೀಗರು ಬರುವ ಮೊದಲೇ ಹೋಳಿಗೆ ಬಡಿಸಿದರೆ ಯಾರಿಗೆ? ಇನ್ನು ಬಿತ್ತುವ ಹೊತ್ತಿಗೇ ಬಿಡದೆ ಸುರಿಯಿತು ಅಂದುಕೊಳ್ಳಿ, ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಎತ್ತು, ಕೂರಿಗೆ, ಟ್ರ್ಯಾಕ್ಟರ್ ಯಾವುದೂ ಹೊಲದೊಳಗೆ ಇಳಿಯುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಏನಾಯಿತು, ಅಫಜಲಪುರ, ಜೇವರ್ಗಿಯವರನ್ನು ಕೇಳಿ. ಆ ನೀರೂ ವರ್ಷದ ಲೆಕ್ಕಕ್ಕೆ ಸೇರಿದೆ.

"ಅದು ನಿಮ್ಮ ಕಡೆ ಮಾತ್ರ" ಅನ್ನುತ್ತೀರಾ? ಹಾಗಾದರೆ ದೇಶದ ಲೆಕ್ಕವನ್ನೇ ತೆಗೆಯಿರಿ. 2023ರ ಮುಂಗಾರು ವಾಡಿಕೆಯ ಶೇ 94. ಕೇಳಿದರೆ ಅಷ್ಟೇನೂ ಕಡಿಮೆ ಅಲ್ಲ, ಅಲ್ವಾ? ಆದರೆ ಆಗಸ್ಟ್ ಒಂದರಲ್ಲೇ ಶೇ 36 ಕೊರತೆ! 1901ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆ ಆಯಿತು. ಅದರ ಹಿಂದಿನ ವರ್ಷ ಗೋಧಿ ಕಾಳು ತುಂಬುವ ಮಾರ್ಚ್‌ನಲ್ಲೇ ಪಂಜಾಬ್, ಹರಿಯಾಣದಲ್ಲಿ ಬಿಸಿಲು ಹೊಡೆಯಿತು, ಕಾಳು ಜೊಳ್ಳಾಯಿತು, ಮೇ 13ಕ್ಕೆ ಸರಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಅಲ್ಲಿ ಕಾಲುವೆ ಇತ್ತು, ಬೋರ್ ಇತ್ತು, ನೀರು ಇತ್ತು. ಹೊತ್ತು ತಪ್ಪಿತು!

"ನೀವೂ ಬೋರ್ ಹಾಕಿಸಿ" ಅಂತ ಇನ್ನೊಬ್ಬ ಅಣ್ಣ. ಅಣ್ಣಾ, ತೆನೆ ಬಲಿತು ನಿಂತಾಗ ಆಲಿಕಲ್ಲು ಬಿದ್ದರೆ ನಿಮ್ಮ ಬೋರ್ ಏನು ಮಾಡುತ್ತದೆ? ಸುಮ್ನೆ ಹೇಳಬೇಡಿ.

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಗಂಟೆ ಒತ್ತಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದನ್ನು, ಅಂದರೆ ಹೊಲಕ್ಕೆ ಎಡೆ ಕೊಡುವುದನ್ನು, ಹೊಲದಿಂದಲೇ ತೋರಿಸುತ್ತೇನೆ, ಸಜ್ಜಿ ರೊಟ್ಟಿ, ಭಜ್ಜಿ ಎಲ್ಲ ಇರುತ್ತದೆ.

ಎಲ್ಲಿದ್ದೆ? ಹಾಂ, ಯಾವಾಗ! ನಮ್ಮ ಅವ್ವ ಮಳೆಯನ್ನು ಮಿಲಿಮೀಟರ್‌ನಲ್ಲಿ ಅಳೆದವಳಲ್ಲ. ಫೋನ್ ಮಾಡಿದರೆ "ಹಸ್ತ ಆಯ್ತೇನೋ?" ಅಂತ ಒಂದೇ ಮಾತು ಕೇಳುತ್ತಾಳೆ. ಅವಳಿಗೆ ಗೊತ್ತಿದೆ, ಕಾಮೆಂಟ್ ಹಾಕುವವರಿಗೆ ಗೊತ್ತಿಲ್ಲ. ಯಾವಾಗ ಬಿತ್ತು? ಯಾವಾಗ? ನಿಮ್ಮೂರಿನ ಕಥೆ ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಆದರೆ ಬರೀ "ಇಷ್ಟು ಮಿಲಿಮೀಟರ್ ಆಯ್ತು" ಅಂತ ಬರೆದರೆ ನಾನು ಉತ್ತರ ಕೊಡುವುದಿಲ್ಲ.