ಊರು ಖಾಲಿಯಾದರೂ ಚರ್ಚಿನ ಅಂಗಳ ಖಾಲಿಯಾಗಲಿಲ್ಲ

ಎಲ್ಲರಿಗೂ ನಮಸ್ಕಾರ.

ಇವತ್ತು ನಿಮ್ಮನ್ನು ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಕಣಿವೆಗೆ ಕರೆದುಕೊಂಡು ಹೋಗುತ್ತೇನೆ. ಮಾಲ್ಟನ್ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 10 ಕಿಲೋಮೀಟರ್. ಹೆಸರು ವಾರಮ್ ಪರ್ಸಿ. ಕಂದಾಯದ ಕಡತಗಳಲ್ಲಿ ಬೇಚರಾಕ್ ಗ್ರಾಮ ಅಂತ ಬರೆಯುತ್ತಾರಲ್ಲ, ದೀಪ ಹಚ್ಚುವವರಿಲ್ಲದ ಊರು, ಅಂಥದ್ದು ಅದು. ಮನೆಗಳ ತಳಪಾಯ ಹುಲ್ಲಿನಡಿ ಉಬ್ಬಿಕೊಂಡು ಕಾಣುತ್ತದೆ. ಹಳೆಯ ಊರಿನದು ಅಂತ ನಿಂತಿರುವುದು ಸೇಂಟ್ ಮಾರ್ಟಿನ್ ಚರ್ಚ್ ಮಾತ್ರ. ಅದಕ್ಕೂ ಚಾವಣಿ ಇಲ್ಲ. ಗೋಪುರದ ಒಂದು ಭಾಗ 1959ರಲ್ಲಿ ಕುಸಿದುಬಿತ್ತು.

ಹೋದವರೆಲ್ಲ ಮೊದಲು ಅಂಗಳದ ಗೋರಿಕಲ್ಲುಗಳನ್ನು ಓದಲು ನಿಲ್ಲುತ್ತಾರೆ. ಆದರೆ ಹೆಸರು ಕೊರೆದ ಆ ಕಲ್ಲುಗಳು ತೀರಾ ಈಚಿನವು. ನಾನು ಹೇಳಹೊರಟಿರುವುದು ಅವುಗಳಿಗಿಂತ ಎಂಟು ನೂರು ವರ್ಷ ಹಿಂದಿನಿಂದ ಅಲ್ಲಿ ಮಲಗಿರುವವರ ಬಗ್ಗೆ.

10ನೇ ಶತಮಾನದಲ್ಲಿ ಅಲ್ಲಿದ್ದದ್ದು ಒಂದು ಪುಟ್ಟ ಮರದ ಚರ್ಚ್. ಆಮೇಲೆ ಕಲ್ಲಿನದ್ದು ಬಂತು. ಜನ ಹೆಚ್ಚಾದಾಗ ಗೋಡೆಗಳಲ್ಲಿ ಕಮಾನು ತೆರೆದು, ಎರಡೂ ಬದಿಗೆ ಪಡಸಾಲೆ ಕಟ್ಟಿ ದೊಡ್ಡದು ಮಾಡಿದರು. ಜನ ಕಡಿಮೆಯಾದಾಗ ಅವನ್ನು ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿದರು. ಆ ಮುಚ್ಚಿದ ಕಮಾನುಗಳು ಗೋಡೆಯಲ್ಲಿ ಈಗಲೂ ಎದ್ದು ಕಾಣುತ್ತವೆ. ಊರು ಬೆಳೆದದ್ದು, ಕುಗ್ಗಿದ್ದು, ಎರಡಕ್ಕೂ ಆ ಗೋಡೆಯೇ ಸಾಕ್ಷಿ.

ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಪುರಾತತ್ವಜ್ಞ ಜಾನ್ ಹರ್ಸ್ಟ್ ಮತ್ತು ಅವರ ಸಂಗಡಿಗರು ಇಲ್ಲಿ 1950ರಿಂದ 1990ರವರೆಗೆ ಅಗೆದರು. ನಲವತ್ತು ವರ್ಷ! ಚರ್ಚಿನ ಒಳಗೆ, ಅಂಗಳದಲ್ಲಿ 687 ಜನರ ಅಸ್ಥಿಪಂಜರಗಳು ಸಿಕ್ಕವು. ಹೆಚ್ಚಿನವರು ಸಾಮಾನ್ಯ ರೈತಾಪಿ ಜನ. ಅವರ ಬಗ್ಗೆ ಯಾರೂ ಒಂದು ಸಾಲು ಬರೆದಿಟ್ಟಿಲ್ಲ. ಆದರೆ ಮೂಳೆಗಳು ಎಷ್ಟೊಂದು ಹೇಳುತ್ತವೆ ನೋಡಿ.

ಚರ್ಚಿನ ಉತ್ತರಕ್ಕೆ ಕೂಸುಗಳ ಗೋರಿಗಳು ಒತ್ತೊತ್ತಾಗಿವೆ. ಮಕ್ಕಳಿಗೆ ಅಂತ ಒಂದು ಜಾಗ ಬಿಟ್ಟಿದ್ದರು. ಎಳೆಯ ಮೂಳೆಗಳಲ್ಲಿನ ನೈಟ್ರೋಜನ್ ಪರೀಕ್ಷಿಸಿದಾಗ ಇನ್ನೊಂದು ವಿಷಯ ತಿಳಿಯಿತು: ಇಲ್ಲಿನ ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಮೊಲೆಹಾಲು ಕೊಡುತ್ತಿದ್ದರು. ಹಾಲು ಬಿಟ್ಟ ಮೇಲೆ ಕಷ್ಟ. ಅಲ್ಲಿನ ಹತ್ತು ವರ್ಷದ ಮಗು ಇವತ್ತಿನ ಹತ್ತು ವರ್ಷದ ಮಗುವಿಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡ. ಒಂದು ಗೇಣು ಆಯ್ತು, ಅಲ್ವಾ? ಅರೆಹೊಟ್ಟೆ, ಮೇಲಿಂದ ಮೇಲೆ ಕಾಯಿಲೆ.

ಮತ್ತೊಂದು ತಲೆಬುರುಡೆ ಇದೆ. ಸುಮಾರು ನಲವತ್ತರ ಗಂಡಸು, ಸಾವಿರ ವರ್ಷದ ಹಿಂದಿನವನು. ತಲೆಗೆ ಬಲವಾದ ಪೆಟ್ಟು ಬಿದ್ದು ಮೂಳೆ ಒಳಗೆ ಕುಸಿದಿತ್ತು. ಯಾರೋ ತಲೆಯ ಚರ್ಮ ಸರಿಸಿ, ಮೂಳೆ ಹೆರೆದು ತೆಗೆದು ಚಿಕಿತ್ಸೆ ಮಾಡಿದ್ದಾರೆ. ಗಾಯದ ಅಂಚು ಮಾಗಿ ನುಣುಪಾಗಿದೆ. ಅಂದರೆ ಅವನು ಬದುಕಿದ! ಬಡ ರೈತರ ಊರಲ್ಲಿ ಅಂಥ ಕೈ ಯಾರದ್ದಿತ್ತೋ. ಈ ಬುರುಡೆಯ ವಿಷಯ ಹೇಳುವಾಗಲೆಲ್ಲ ನನಗೆ ಆ ಕೈಯದೇ ಯೋಚನೆ.

ಎಲ್ಲರಿಗೂ ಅಂಗಳದಲ್ಲಿ ಜಾಗ ಸಿಗಲಿಲ್ಲ. ಊರೊಳಗಿನ ಗುಂಡಿಗಳಲ್ಲಿ ಕನಿಷ್ಠ ಹತ್ತು ಜನರ 137 ಮೂಳೆಗಳು ಸಿಕ್ಕವು. 11ರಿಂದ 14ನೇ ಶತಮಾನದವು. ಸತ್ತ ಸ್ವಲ್ಪ ಹೊತ್ತಿಗೇ ಕತ್ತರಿಸಿ, ಮುರಿದು, ಸುಟ್ಟ ಗುರುತುಗಳಿವೆ. ಹಲ್ಲು ಪರೀಕ್ಷಿಸಿದಾಗ ಅವರು ಹೊರಗಿನವರಲ್ಲ, ಅದೇ ಸೀಮೆಯವರು ಅಂತ ಗೊತ್ತಾಯಿತು. ಸತ್ತವರು ಎದ್ದು ಬರುತ್ತಾರೆ ಎಂಬ ಭಯದಿಂದ ಹೀಗೆ ಮಾಡಿರಬೇಕು ಎಂದು 2017ರಲ್ಲಿ ಸಂಶೋಧಕರು ಬರೆದರು. ನನಗೂ ಅದೇ ಸರಿ ಅನ್ನಿಸುತ್ತದೆ. ಅವರಲ್ಲಿ ಚಿಕ್ಕ ಮಗುವೊಂದೂ ಇದೆ.

ಊರು ಹಾಳಾದದ್ದು ಪ್ಲೇಗಿನಿಂದ ಅಂತ ತುಂಬಾ ಜನ ನಂಬಿದ್ದಾರೆ. ಪ್ಲೇಗು ಬಂದು ಹೋದ ಮೇಲೂ ಊರು ನೂರೈವತ್ತು ವರ್ಷ ಬಾಳಿತ್ತು. ಉಣ್ಣೆಗೆ ಒಳ್ಳೆ ಬೆಲೆ ಬಂತು. ಜಮೀನಿನ ಒಡೆಯರು ಹೊಲಗಳನ್ನು ಕುರಿ ಮೇಯಿಸಲು ಬಿಟ್ಟರು. 1500ರ ಸುಮಾರಿಗೆ ಕೊನೆಯ ಒಕ್ಕಲುಗಳನ್ನೂ ಎಬ್ಬಿಸಿದರು.

ಆದರೂ ಚರ್ಚು ಮುಚ್ಚಲಿಲ್ಲ. ಸುತ್ತಲಿನ ಹಳ್ಳಿಗಳಿಗೂ ಅದೇ ಚರ್ಚು. ಥಿಕ್ಸೆಂಡೇಲ್ ಊರಿನವರು ಮೂರುನೂರು ವರ್ಷಕ್ಕೂ ಜಾಸ್ತಿ ಕಾಲ, ಸುಮಾರು 5 ಕಿಲೋಮೀಟರ್ ಗುಡ್ಡದ ದಾರಿ ಹಿಡಿದು, ಒಂದು ಮನೆಯೂ ಇಲ್ಲದ ಆ ಊರ ಚರ್ಚಿಗೆ ಬರುತ್ತಿದ್ದರು. ಮದುವೆಗೂ ಅಲ್ಲಿಗೇ, ಮಣ್ಣಿಗೂ ಅಲ್ಲಿಗೇ. 1870ರಲ್ಲಿ ಅವರ ಊರಲ್ಲೇ ಚರ್ಚು ಎದ್ದ ಮೇಲೆ ಆ ದಾರಿ ತುಳಿಯುವವರು ಕಡಿಮೆಯಾದರು.