ವಸ್ತಿ ಬಸ್ಸು ಬಂದ ಹೊತ್ತು

ಅಧ್ಯಕ್ಷರೆ, ವೇದಿಕೆಯ ಮೇಲಿನ ಹಿರಿಯರೆ, ಎದುರಿಗೆ ಕುಳಿತ ಗೆಳೆಯ ಗೆಳತಿಯರೆ,

ನನ್ನನ್ನು ಪರಿಚಯಿಸಿದವರು 'ಹಿರಿಯ ಹೋರಾಟಗಾರರು' ಅಂದರು. ನೀವು ಚಪ್ಪಾಳೆಯನ್ನೂ ತಟ್ಟಿಬಿಟ್ಟಿರಿ. ಅದನ್ನು ವಾಪಸ್ ಕೊಡಲು ಬರುವುದಿಲ್ಲ, ಒಂದು ತಿದ್ದುಪಡಿಯನ್ನಾದರೂ ಮಾಡುತ್ತೇನೆ. ನಾನು ಟೈಪಿಸ್ಟ್. ಹಗಲು ಸರಕಾರಿ ನೌಕರಿ, ಸಂಜೆ ಮತ್ತು ರವಿವಾರ ಈ ಕೆಲಸ. ಮೂವತ್ತು ವರ್ಷ ನಾನು ಮಾಡಿದ್ದು ಹೋರಾಟಗಾರರ ಕೈಬರಹವನ್ನು ಓದುವುದು. ಅದೂ ಒಂದು ಹೋರಾಟವೇ ಅಂದರೆ ಒಪ್ಪಿಕೊಳ್ಳುತ್ತೇನೆ. ವಕೀಲರ ಅಕ್ಷರ ಕಂಡವರಿಗೆ ಗೊತ್ತು.

ಕರೆಯೋಲೆಯಲ್ಲಿ ವಿಷಯ 'ಮಾನವ ಹಕ್ಕುಗಳು: ಇಂದಿನ ಸವಾಲುಗಳು' ಅಂತಿದೆ. ಡಿಸೆಂಬರ್ 10, ಮಾನವ ಹಕ್ಕುಗಳ ದಿನ ಬಂದರೆ ನಮ್ಮಲ್ಲಿ ಇದೇ ವಿಷಯ. ಚೌತಿಗೆ ಕಡುಬು ಇದ್ದ ಹಾಗೆ. ನಾನೂ ಐದು ಅಂಶ ಗುರುತು ಹಾಕಿಕೊಂಡಿದ್ದೆ. ಆದರೆ ಹೋದ ತಿಂಗಳು ಒಂದು ಘಟನೆ ಆಯಿತು, ಅದು ಹೊಟ್ಟೆಯೊಳಗೆ ಇನ್ನೂ ಕುದಿಯುತ್ತಿದೆ. ಅದನ್ನು ಹೇಳದೆ ಸವಾಲುಗಳಿಗೆ ಹೋಗಲಾರೆ.

ನಮ್ಮದೇ ಬಳಗದ ಒಂದು ಸಂಘಟನೆ. ಹೆಸರು ಬೇಡ, ಅವರೂ ನಮ್ಮವರೇ. ಬಾಡಿಗೆ ಹೆಚ್ಚಾಯಿತು ಅಂತ ಕಚೇರಿ ಖಾಲಿ ಮಾಡಿದರು. ಕಂಪ್ಯೂಟರ್ ಒಯ್ದರು, ಫೋಟೊಗಳನ್ನು ಒಯ್ದರು, ಬ್ಯಾನರುಗಳನ್ನೂ ಮಡಚಿ ಒಯ್ದರು. ಎರಡು ರ‍್ಯಾಕಿನ ಹಳೇ ಕಡತಗಳನ್ನು ರದ್ದಿಗೆ ಹಾಕಿದರು. ಸುದ್ದಿ ತಿಳಿದು ನಾನು ರದ್ದಿ ಅಂಗಡಿಗೆ ಓಡಿದೆ. ಅಂಗಡಿಯವ ತಕ್ಕಡಿ ಒರೆಸುತ್ತ ಹೇಳಿದ: "ಸರ, ಪೇಪರಿಗೆ ಬ್ಯಾರೆ ರೇಟು, ಇದಕ್ಕ ಬ್ಯಾರೆ ರೇಟು. ಇದರದು ಒಂದು ಮಗ್ಗಲ ಖಾಲಿ ಐತಲ್ರಿ, ಬಜಿ ಕಟ್ಟಾಕ ಭಾಳ ಬರತೈತಿ." ಮೇಲಿನ ಹಾಳೆ ಎತ್ತಿ ನೋಡಿದರೆ ನಾನೇ ಟೈಪ್ ಮಾಡಿದ್ದು. ಒಬ್ಬ ತಾಯಿಯ ಹೇಳಿಕೆ, ಕೆಳಗೆ ಆಕೆಯ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಪಕ್ಕಕ್ಕೇ ಎಣ್ಣೆಯ ಇನ್ನೊಂದು ಬೆರಳು ಮೂಡಿತ್ತು. ಹನ್ನೊಂದು ಗಂಟು ಉಳಿದಿದ್ದವು. ತೂಕ ಹಾಕಿಸಿ, ದುಡ್ಡು ಕೊಟ್ಟು, ಆಟೋದಲ್ಲಿ ಹಾಕಿಕೊಂಡು ಬಂದೆ. ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿದಳು, "ಮಂದಿ ರದ್ದಿ ಮಾರತಾರ, ನೀವು ಕೊಂಡು ತರತೀರಿ?"

ಹೀಗಾಗಿ ಇವತ್ತು ಸವಾಲುಗಳಿಲ್ಲ. ಕಾಗದ ಬರೆದವರ ಬಗ್ಗೆ ಮಾತಾಡುತ್ತೇನೆ.

ಘಟನೆ ಆದ ಊರಿಗೇ ಹೋಗಿ ವಿಚಾರಿಸಿ ವರದಿ ಬರೆಯುವ ಸತ್ಯಶೋಧನಾ ಸಮಿತಿ ಅಂದರೆ ಹೇಗಿರುತ್ತದೆ ನಿಮಗೆ ಗೊತ್ತು. ಒಬ್ಬ ಪ್ರೊಫೆಸರ್, ಒಬ್ಬ ವಕೀಲ, ಒಬ್ಬ ಪತ್ರಕರ್ತ, ಒಬ್ಬ ಕವಿ. ಹೋಗುವಾಗ ಬಸ್ಸಿನಲ್ಲಿ ನಾಲ್ವರೂ ಪ್ರಸ್ತಾವನೆಯ ಬಗ್ಗೆ ವಾದ ಮಾಡುತ್ತಾರೆ. ಐದನೆಯವರೊಬ್ಬರು ಇರುತ್ತಾರೆ, ಟಿಕೆಟ್ ಹಿಡಿದುಕೊಂಡವರು. ನಮ್ಮಲ್ಲಿ ಆ ಐದನೆಯವರು ಅಕ್ಕಾರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹೆಸರು ಹಾಕಬಾರದು ಅಂತ ಕೊನೆಯವರೆಗೂ ಹಟ ಹಿಡಿದವರು, ಇಲ್ಲಿಯೂ ಹೇಳುವುದಿಲ್ಲ. ಅವರ ಚೀಲದಲ್ಲಿ ನೂರು ಪುಟದ ನೋಟುಬುಕ್ಕು, ಇಂಕ್ ಪ್ಯಾಡು, ಒಂದು ಗಡಿಯಾರ. ಕೈಗಡಿಯಾರ ಅಲ್ಲ, ಮೇಜಿನ ಮೇಲಿಡುವ ಅಲಾರಂ. ಎಲ್ಲಿ ಕೂತರೂ ಮೊದಲು ಅದನ್ನು ಎದುರಿಗೆ ಇಡುತ್ತಿದ್ದರು. ನನಗೆ ಅವರು ಕಲಿಸಿದ ಪಾಠ ಒಂದೇ: "ಹೊತ್ತು ಬರಿ. ಸಿಟ್ಟು ಆಮ್ಯಾಲ ಬರೀಬಹುದು, ಹೊತ್ತು ಈಗ ಬರಿ."

ಎಂಬತ್ತರ ದಶಕದ ಕೊನೆ. ನಮ್ಮ ಎರೆಭೂಮಿಯ ಒಂದು ಹಳ್ಳಿ. ಒಬ್ಬನನ್ನು ರಾತ್ರಿ ಜೀಪಿನಲ್ಲಿ ಎತ್ತಿಕೊಂಡು ಹೋಗಿದ್ದಾರೆ, ಠಾಣೆಯಲ್ಲಿ ಕೇಳಿದರೆ ಇಲ್ಲಿ ಇಲ್ಲ ಅಂತಾರೆ. ಹೆಂಡತಿಗೆ ಇಪ್ಪತ್ತೆರಡು ಇರಬಹುದು, ಬಗಲಲ್ಲಿ ಕೂಸು. ವಕೀಲರು ಕೇಳಿದರು, "ನಿನ್ನ ಗಂಡನ ಹೆಸರೇನಮ್ಮ?" ಆಕೆ ತಲೆ ತಗ್ಗಿಸಿದಳು. ಮತ್ತೆ ಕೇಳಿದರು, ಸ್ವಲ್ಪ ಜೋರಾಗಿ. ಸೆರಗು ಬಾಯಿಗೆ ಹೋಯಿತು. ವಕೀಲರು ಇಂಗ್ಲಿಷಿನಲ್ಲಿ ನಮ್ಮ ಕಡೆ ತಿರುಗಿ, ಆಘಾತವಾಗಿದೆ, ಮಾತು ಹೊರಡುತ್ತಿಲ್ಲ ಅಂದರು. ಆಘಾತ ಆಗಿತ್ತು, ಸುಳ್ಳಲ್ಲ. ಮಾತು ಹೊರಡದೇ ಇದ್ದದ್ದು ಅದಕ್ಕಲ್ಲ. ಹಳ್ಳಿಯ ಹೆಣ್ಣುಮಗಳು ಗಂಡನ ಹೆಸರು ಹೇಳುತ್ತಾಳೇನು? ಪಕ್ಕದ ಮನೆಯವರು ಹೇಳಿದ್ದು ಕರೆಯುವ ಹೆಸರು. ಮನೆಯ ಹೆಸರೊಂದು, ಊರಿನ ಹೆಸರೊಂದು, ರೇಷನ್ ಕಾರ್ಡಿನದು ಇನ್ನೊಂದು. ತಪ್ಪು ಹೆಸರಿನಲ್ಲಿ ಅರ್ಜಿ ಹಾಕಿದರೆ ಏನಾಗುತ್ತದೆ? 'ಈ ಹೆಸರಿನ ವ್ಯಕ್ತಿ ನಮ್ಮ ಠಾಣೆಯಲ್ಲಿ ಇರುವುದಿಲ್ಲ' ಅಂತ ಬರೆದು ಕೊಡುತ್ತಾರೆ. ಅದು ಸತ್ಯವೇ ಆಗಿರುತ್ತದೆ!

ಅಕ್ಕಾರು ಗಂಡಸರನ್ನೆಲ್ಲ ಕಟ್ಟೆಗೆ ಕಳಿಸಿದರು. ನಾನು ಬರೆದುಕೊಳ್ಳುವವನು ಅಂತ ಹೊಸ್ತಿಲ ಹೊರಗೆ, ಗೋಡೆಯ ಮರೆಯಲ್ಲಿ ಉಳಿದೆ. ಅಕ್ಕಾರು ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಅಂದರು, "ಮದುವ್ಯಾಗ ಒಡಪು ಹಾಕಿ ಹೆಸರ ಹೇಳಿದ್ದಿಲ್ಲೇನವ್ವ? ಅದನ್ನ ಹೇಳು." ಬಹಳ ಹೊತ್ತು ಸದ್ದೇ ಇಲ್ಲ. ಗಡಿಯಾರದ ಟಿಕ್ ಟಿಕ್ ಒಂದೇ. ಆಮೇಲೆ ಆಕೆ ಶುರು ಮಾಡಿದಳು, "ಎರಿ ಹೊಲದಾಗ ಬಿಳಿಜೋಳದ ತೆನಿ..." ಎರಡನೇ ಸಾಲಿನಲ್ಲಿ ಹೆಸರು ಬಂತು, ಅಪ್ಪನ ಹೆಸರು ಮನೆತನದ ಹೆಸರು ಎಲ್ಲ ಸೇರಿ, ಪೂರ್ತಿ. ಆ ಸಾಲನ್ನು ನಾನಿಲ್ಲಿ ಹೇಳುವುದಿಲ್ಲ. ಒಡಪು ಹೇಳುವಾಗ ನಗಬೇಕು ಅಂತ ಅಭ್ಯಾಸ ಇರುತ್ತದಲ್ಲ, ಆಕೆ ಅರ್ಧ ನಕ್ಕು ಆಮೇಲೆ ಅತ್ತಳು. ನಾನು ಹೆಸರು ಬರೆದುಕೊಂಡೆ. ಒಡಪು ಬರೆದುಕೊಳ್ಳಲಿಲ್ಲ, ಅರ್ಜಿಯಲ್ಲಿ ಅದಕ್ಕೆ ಜಾಗ ಇಲ್ಲ.

ಇನ್ನು ಹೊತ್ತು. "ಯಾವಾಗ ಒಯ್ದರು?" "ಉಂಡು ಮಲಗೋ ಹೊತ್ತಿಗ್ರೀ." ಕವಿಗಳು ಆಗಲೇ ನೋಟುಬುಕ್ಕಿನಲ್ಲಿ 'ಮಧ್ಯರಾತ್ರಿ' ಅಂತ ಬರೆದಾಗಿತ್ತು. ಮಧ್ಯರಾತ್ರಿ ಅಂದರೆ ವರದಿಗೆ ಕಳೆ ಬರುತ್ತದೆ ನೋಡಿ. ಅಕ್ಕಾರು ಬಿಡಲಿಲ್ಲ. "ವಸ್ತಿ ಬಸ್ಸು ಬಂದಿತ್ತೇನು?" ರಾತ್ರಿ ಊರಲ್ಲೇ ಉಳಿದು ಬೆಳಗ್ಗೆ ಹೊರಡುವ ಬಸ್ಸು ಅದು. ಬಂದಿತ್ತು. ಬಸ್ಸು ಬಂದು ನಿಂತು, ಡ್ರೈವರ್ ಕಂಡಕ್ಟರ್ ಗುಡಿಯ ಮುಂದೆ ಬುತ್ತಿ ಬಿಚ್ಚುವಾಗ ಜೀಪು ಬಂದದ್ದು. ಅಂದಮೇಲೆ ಹೊತ್ತು ಸಿಕ್ಕ ಹಾಗೇ. ಆಮೇಲೆ ಅದೇ ಕಂಡಕ್ಟರನನ್ನು ಹಿಡಿದು ಕೇಳಿದರೆ ಒಂಬತ್ತು ಇಪ್ಪತ್ತಕ್ಕೆ ಊರು ಮುಟ್ಟಿದೆವು ಅಂದ. ಮಂಗಳವಾರ, ರಾತ್ರಿ ಒಂಬತ್ತೂವರೆ.

ಇಷ್ಟು ಯಾಕೆ ಎಳೆಯುತ್ತಿದ್ದೇನೆ ಅಂದರೆ, ಸಂವಿಧಾನದ 22ನೇ ಅನುಚ್ಛೇದ ಹೇಳುವುದು ಇಪ್ಪತ್ತನಾಲ್ಕು ತಾಸಿನ ಮಾತು. ಹಿಡಿದವರನ್ನು, ದಾರಿಯ ಪ್ರಯಾಣ ಬಿಟ್ಟು, ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆ ತಾಸು ಎಲ್ಲಿಂದ ಎಣಿಸುವುದು? ಠಾಣೆಯ ಕಾಗದದಲ್ಲಿ ಬರೆದ ಹೊತ್ತಿನಿಂದ. ಅದನ್ನು ಬರೆಯುವವರು ಅವರೇ. ಎದುರಿಗೆ ಇನ್ನೊಂದು ಕಾಗದ, ಇನ್ನೊಂದು ಹೊತ್ತು ಇರದಿದ್ದರೆ 22ನೇ ಅನುಚ್ಛೇದ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಅಷ್ಟೆ.

ಬುಧವಾರ ಬೆಳಗ್ಗೆ ತಾಲೂಕಿನ ಅಂಚೆ ಕಚೇರಿಗೆ ಹೋಗಿ ತಂತಿ ಕೊಟ್ಟೆವು. ಮ್ಯಾಜಿಸ್ಟ್ರೇಟರಿಗೆ ಒಂದು, ಎಸ್ಪಿಗೆ ಒಂದು, ಹೈಕೋರ್ಟಿಗೆ ಒಂದು. ತಂತಿಯಲ್ಲಿ ಶಬ್ದಕ್ಕೆ ಇಷ್ಟು ಅಂತ ದುಡ್ಡು. ಪ್ರೊಫೆಸರರಿಗೆ 'ಪ್ರಜಾಸತ್ತೆಯ ಕಗ್ಗೊಲೆ' ಸೇರಿಸಬೇಕಿತ್ತು. ಅಕ್ಕಾರು ತಮ್ಮ ಪಿಂಚಣಿಯ ದುಡ್ಡು ಎಣಿಸುತ್ತ, "ಆ ಎರಡು ಶಬ್ದದ ರೊಕ್ಕದಾಗ ಇವತ್ತಿನ ಚಹಾ ಬರತೈತಿ" ಅಂದರು. ಕಗ್ಗೊಲೆ ಬಿಟ್ಟೆವು, ಚಹಾ ಕುಡಿದೆವು. ತಂತಿಯ ರಸೀದಿಯಲ್ಲಿ ಬುಧವಾರ ಹನ್ನೊಂದು ಹತ್ತು ಅಂತ ಹೊತ್ತು ಬಿತ್ತು. ಮುಂದೆ ಠಾಣೆಯವರು ಆತನನ್ನು ಗುರುವಾರ ಬೆಳಗ್ಗೆ ಆರಕ್ಕೆ ಬಸ್ ನಿಲ್ದಾಣದಲ್ಲಿ ಬಂಧಿಸಿದೆವು ಅಂತ ತೋರಿಸಿದರು. ಗುರುವಾರ ಹಿಡಿದವನ ಬಗ್ಗೆ ಬುಧವಾರವೇ ತಂತಿ ಹೋಗುವುದು ಹೇಗೆ? ಮ್ಯಾಜಿಸ್ಟ್ರೇಟರು ಕೇಳಿದ್ದು ಇದೊಂದೇ ಪ್ರಶ್ನೆ. ಆತ ಮನೆಗೆ ಬಂದ, ಒಂದು ಕಾಲು ಎಳೆಯುತ್ತ. ಹೊಡೆದವರ ಮೇಲಿನ ದೂರು ಮುಂದೆ ಬಿದ್ದುಹೋಯಿತು. ಗೆದ್ದೆವು ಅಂತ ನಾನು ಹೇಳುವುದಿಲ್ಲ.

ದೇಶದ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಎಲ್ಲರೂ ಹುಟ್ಟುಹಬ್ಬದ ತಂತಿ, ಸಾವಿನ ತಂತಿ ಅಂತ ನೆನಪು ಬರೆದರು. ನಾನು ಆ ರಸೀದಿಯನ್ನು ನೆನೆಸಿಕೊಂಡೆ. ಈಗ ವಾಟ್ಸಾಪಿನಲ್ಲಿ ಹೊತ್ತು ತಾನೇ ಬೀಳುತ್ತದೆ ಅಂತ ಹುಡುಗರು ಹೇಳುತ್ತಾರೆ. ಬೀಳುತ್ತದೆ. ಫೋನು ಕಳೆದರೆ? ಫೋನನ್ನೇ ಜಪ್ತಿ ಮಾಡಿದರೆ? ಹಾಳೆಯ ಮೇಲೂ ಬರೆಯಿರಿ ಮಾರಾಯರೆ.

ಬಂಧನದ ಹೊತ್ತು ಮತ್ತು ತಾರೀಖು ಬರೆದು, ಮನೆಯವರೋ ಊರಿನ ಮರ್ಯಾದಸ್ಥರೋ ಒಬ್ಬರ ಸಾಕ್ಷಿ ಸಹಿ ಹಾಕಿಸಿ, ಬಂಧಿತನ ಸಹಿಯನ್ನೂ ಪಡೆಯಬೇಕು ಅಂತ ಇವತ್ತು ನಿಯಮ ಇದೆ. ಡಿ. ಕೆ. ಬಸು ಪ್ರಕರಣ, ಸುಪ್ರೀಂ ಕೋರ್ಟ್, 1996ರ ಡಿಸೆಂಬರ್ 18. ವಕೀಲರೆಲ್ಲ ಬಾಯಿಪಾಠ ಹೇಳುತ್ತಾರೆ. ಅದು ಶುರುವಾದದ್ದು ಹೇಗೆ? 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯಿಂದ ಬಸು ಅವರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಪತ್ರ. ಅದರಲ್ಲಿ ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳು. ಆ ಪತ್ರವನ್ನೇ ಕೋರ್ಟು ರಿಟ್ ಅರ್ಜಿ ಅಂತ ತೆಗೆದುಕೊಂಡಿತು. ಹತ್ತು ವರ್ಷ ನಡೆಯಿತು. ದಿನಾ ಪತ್ರಿಕೆ ಓದಿ, ಕತ್ತರಿ ಹಿಡಿದು, ತಾರೀಖು ಹಾಕಿ ಅಂಟಿಸಿ ಇಡುವವರನ್ನು ನೋಡಿ ನಾವು ನಗುತ್ತೇವಲ್ಲ, ಅದಕ್ಕೆ ಹೇಳಿದೆ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅಕ್ಕಾರ ಗಡಿಯಾರ ಆಗಿದ್ದರೆ ಹೆದರುತ್ತಿದ್ದೆ.

ಹೀಗೆ ಬರೆದಿಡುವುದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. ಮಾಸ್ಕೊದಲ್ಲಿ 1968ರ ಏಪ್ರಿಲ್ 30ಕ್ಕೆ 'ಪ್ರಚಲಿತ ಘಟನೆಗಳ ದಿನಚರಿ' ಅನ್ನುವ ಗುಪ್ತ ಪತ್ರಿಕೆ ಹೊರಟಿತು. ಮೊದಲ ಸಂಪಾದಕಿ ನತಾಲ್ಯಾ ಗೊರ್ಬನೇವ್‌ಸ್ಕಯಾ, ಕವಿ, ಎಳೇ ಕೂಸಿನ ತಾಯಿ. ಟೈಪಿಸ್ಟಳೂ ಆಕೆಯೇ. ತೆಳು ಹಾಳೆ, ನಡುನಡುವೆ ಕಾರ್ಬನ್. ಕೈಗೆ ಸಿಕ್ಕವರು ಮತ್ತೆ ಟೈಪ್ ಮಾಡಿ ಮುಂದಕ್ಕೆ ಕೊಡುವುದು. ಯಾರನ್ನು ಬಂಧಿಸಿದರು, ಎಂದು, ಯಾವ ಕಲಮಿನಡಿ, ಇಷ್ಟೇ. ಸಿಟ್ಟಿನ ಒಂದು ವಿಶೇಷಣ ಇಲ್ಲ. ತಪ್ಪಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ. ಸುದ್ದಿ ಕಳಿಸುವುದು ಹೇಗೆ ಅಂತ ಐದನೇ ಸಂಚಿಕೆಯಲ್ಲಿ ದಾರಿ ಹೇಳಿದ್ದರು: ನಿನಗೆ ಈ ಪತ್ರಿಕೆ ಕೊಟ್ಟವನಿಗೆ ಹೇಳು, ಅವನು ತನಗೆ ಕೊಟ್ಟವನಿಗೆ ಹೇಳುತ್ತಾನೆ. ಸರಪಳಿಯನ್ನು ನೀನೇ ಹುಡುಕಿಕೊಂಡು ಹೊರಟರೆ ನಿನ್ನನ್ನು ಗೂಢಚಾರ ಅಂದುಕೊಳ್ಳುತ್ತಾರೆ! ಆಕೆಯನ್ನು 1969ರ ಡಿಸೆಂಬರಿನಲ್ಲಿ ಹಿಡಿದು, ಹುಚ್ಚಿ ಅಂತ ಮನೋರೋಗದ ಆಸ್ಪತ್ರೆಗೆ ಹಾಕಿದರು. ಪತ್ರಿಕೆ ಎಂಬತ್ತರ ದಶಕದ ಮೊದಲ ವರ್ಷಗಳವರೆಗೂ ನಡೆಯಿತು. ನಮ್ಮ ವಾಟ್ಸಾಪ್ ಗುಂಪುಗಳು ಚುನಾವಣೆಯಿಂದ ಚುನಾವಣೆಗೆ ಬದುಕಿದರೆ ಹೆಚ್ಚು.

ನನ್ನದೂ ಒಂದು ತಿದ್ದುಪಡಿ ಇದೆ. ಒಂದು ವರದಿಯಲ್ಲಿ 'ಗಾಯಗೊಂಡವರು ಹದಿನಾರು' ಅಂತ ಇದ್ದದ್ದನ್ನು ನಾನು 61 ಅಂತ ಹೊಡೆದೆ. ಪತ್ರಿಕಾಗೋಷ್ಠಿಯಲ್ಲಿ ಅದೇ ಹೋಯಿತು. ಎದುರು ಕಡೆಯವರು ಆ ಒಂದು ಅಂಕಿ ಹಿಡಿದು ಇಡೀ ವರದಿಯೇ ಸುಳ್ಳು ಅಂದರು. ಅಕ್ಕಾರು ಬೈಯಲಿಲ್ಲ. ತಿದ್ದಿದ ಹಾಳೆಗಳನ್ನು ನನ್ನ ಕೈಯಿಂದಲೇ ಪ್ರತಿ ಪತ್ರಿಕಾ ಕಚೇರಿಗೂ ನಡೆದು ಮುಟ್ಟಿಸಲು ಹಚ್ಚಿದರು. ಮೇ ತಿಂಗಳ ಬಿಸಿಲು.

ಪಂಜಾಬಿಗೆ ಬರುತ್ತೇನೆ. ಜಸವಂತ ಸಿಂಗ್ ಖಾಲ್ಡಾ ಅಮೃತಸರದ ಸಹಕಾರಿ ಬ್ಯಾಂಕಿನವರು, ಲೆಕ್ಕದ ಮನುಷ್ಯ. ಕಾಣೆಯಾದ ಪರಿಚಯದವರನ್ನು ಹುಡುಕುತ್ತ ಹುಡುಕುತ್ತ ಸ್ಮಶಾನಕ್ಕೆ ಹೋದರು. ಅಲ್ಲಿ ಕಟ್ಟಿಗೆಯ ಲೆಕ್ಕ ಇತ್ತು. ಪೊಲೀಸರು ವಾರಸುದಾರರಿಲ್ಲದ ಹೆಣ ಅಂತ ತಂದು ಸುಡಿಸಿದರೂ ಕಟ್ಟಿಗೆ ಪುಕ್ಕಟೆ ಬರುವುದಿಲ್ಲವಲ್ಲ, ಯಾರೋ ಗುಮಾಸ್ತ ತಾರೀಖು ಹಾಕಿ ಬರೆದಿಟ್ಟಿದ್ದ. ಆತನಿಗೆ ಮಾನವ ಹಕ್ಕು ಅಂತ ತಲೆಯಲ್ಲಿ ಇದ್ದಿರಲಿಕ್ಕಿಲ್ಲ, ಕಟ್ಟಿಗೆಯ ಲೆಕ್ಕ ತಪ್ಪಬಾರದು ಅಂತ ಇತ್ತು. 1995ರ ಸೆಪ್ಟೆಂಬರ್ 6ರಂದು ಖಾಲ್ಡಾ ಅವರನ್ನೇ ಮನೆಯ ಎದುರಿನಿಂದ ಎತ್ತಿಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಆಮೇಲೆ ಸಿಬಿಐ ಆ ಸ್ಮಶಾನಗಳ ಲೆಕ್ಕ ನೋಡಿ 2097 ಅಕ್ರಮ ದಹನ ಅಂತ ಕೋರ್ಟಿಗೆ ಒಪ್ಪಿಸಿತು. ಖಾಲ್ಡಾ ಅವರನ್ನು ಕೊಂದ ಪೊಲೀಸರಿಗೆ ಶಿಕ್ಷೆ ಆಯಿತು, ಬಹಳ ವರ್ಷದ ಮೇಲೆ.

ಚೀಟಿ ಬಂತು. ಐದು ನಿಮಿಷ ಅಂತಿದೆ. ಹೊತ್ತು ಬರೆದಿಲ್ಲ, ಎಂದಿನಿಂದ ಐದು ನಿಮಿಷ?

ಚಿಲಿ ದೇಶದ ಮಾತು ಸಣ್ಣದಾಗಿ. ಸೇನಾ ಸರ್ವಾಧಿಕಾರಿ ಪಿನೊಚೆಯ ಕಾಲದಲ್ಲಿ ಸಾಂತಿಯಾಗೊದ ಚರ್ಚಿನವರು 1976ರಲ್ಲಿ ಒಂದು ಕಚೇರಿ ತೆರೆದರು. ಕಾಣೆಯಾದವರ ಪರವಾಗಿ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದವರನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ, ಹಾಕಿದರು. ಕೋರ್ಟುಗಳು ಹೆಚ್ಚೂಕಡಿಮೆ ಎಲ್ಲವನ್ನೂ ತಳ್ಳಿಹಾಕಿದವು. ಆದರೂ ಟೈಪ್ ಮಾಡಿ, ಸ್ವೀಕೃತಿ ಪಡೆದು, ಪ್ರತಿ ಇಟ್ಟುಕೊಂಡರು. 1990ರಲ್ಲಿ ಸರಕಾರ ಬದಲಾಗಿ ಸತ್ಯ ಆಯೋಗ ಕೂತಾಗ ಆ ತಿರಸ್ಕೃತ ಅರ್ಜಿಗಳೇ ಆಯೋಗದ ಆಧಾರವಾದವು. 1985ರ ಮಾರ್ಚಿನಲ್ಲಿ ಆ ಕಚೇರಿಯ ಹೊಸೆ ಮನುಯೆಲ್ ಪರಾದಾ ಅವರನ್ನು ಅಪಹರಿಸಿ ಕತ್ತು ಕೊಯ್ದು ಕೊಂದರು. ಅವರು ಭಾಷಣಕಾರರಲ್ಲ, ದಾಖಲೆಯ ಕೆಲಸದವರು. ಯಾರ ಕೆಲಸಕ್ಕೆ ಹೆದರಬೇಕು ಅನ್ನುವುದು ಕೊಂದವರಿಗೆ ಗೊತ್ತಿತ್ತು. ನಮ್ಮವರಿಗೆ ಗೊತ್ತಾಗಲಿಲ್ಲ, ರದ್ದಿಗೆ ಹಾಕಿದರು. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಇನ್ನು ಮೂರು ಅಂಶ ಇವೆ ಇಲ್ಲಿ. ಬಿಸಿಯೂಟದ ಹಿಂದಿದ್ದ ಅರ್ಜಿ, ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದು, 2001ರದು. ಅದರ ತುಂಬ ರೇಷನ್ ಅಂಗಡಿ, ಗೋದಾಮುಗಳ ಲೆಕ್ಕ. ಅದನ್ನು ಬಿಡುತ್ತೇನೆ. ಅನುವಾದಕರ ವಿಷಯ, ಬಿಡುತ್ತೇನೆ. ಮೂರನೆಯದನ್ನು ನಾನು ಏನು ಬರೆದುಕೊಂಡಿದ್ದೆನೋ ನನಗೇ ಓದಲು ಬರುತ್ತಿಲ್ಲ. ವಕೀಲರ ಕ್ಷಮೆ ಕೇಳುತ್ತೇನೆ.

ಆ ಹನ್ನೊಂದು ಗಂಟನ್ನು ಇವತ್ತು ತಂದಿದ್ದೇನೆ. ಹಿಂದಿನ ಬಾಗಿಲ ಹತ್ತಿರದ ಬೆಂಚಿನ ಮೇಲೆ ಇವೆ. ಸುತಳಿ ಬಿಚ್ಚಬೇಕು, ತುಕ್ಕು ಹಿಡಿದ ಪಿನ್ನು ಕೀಳಬೇಕು, ಟ್ಯಾಗ್ ಹಾಕಬೇಕು, ವರ್ಷದ ಪ್ರಕಾರ ಜೋಡಿಸಬೇಕು. ಆರೇಳು ಜನ ಉಳಿದರೆ ಸಾಕು. ಹೊರಗೆ ಚಹಾದ ಜೊತೆ ಬಜಿ ಇದೆಯಂತೆ. ತಿಂದವರು ದಯವಿಟ್ಟು ಕೈ ತೊಳೆದುಕೊಂಡು ಬನ್ನಿ.