ರಾತ್ರಿಯ ದಾರಿಗೆ ಎರಡು ಲೆಕ್ಕ

ಕೇಳುಗರಿಗೆ ನಮಸ್ಕಾರ.

ನೀವಿರುವ ಜಾಗದಲ್ಲಿ ರಾತ್ರಿ ಹೊತ್ತು ಒಬ್ಬರೇ ನಡೆದು ಹೋಗಲು ನಿಮಗೆ ಧೈರ್ಯವಿದೆಯಾ? ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆ ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೇಳುತ್ತಾ ಬಂದಿದೆ. 2011ರಲ್ಲಿ 143 ದೇಶಗಳ ಉತ್ತರಗಳನ್ನು ಸೇರಿಸಿ ನೋಡಿದರು. ಗಂಡಸರಲ್ಲಿ ನೂರಕ್ಕೆ 72 ಮಂದಿ ಹೂಂ ಎಂದಿದ್ದರು. ಹೆಂಗಸರಲ್ಲಿ 62 ಮಂದಿ. ಹತ್ತರ ವ್ಯತ್ಯಾಸ, ಅಷ್ಟೇ ತಾನೇ ಅನ್ನಿಸಬಹುದು. ಆದರೆ ನ್ಯೂಜಿಲೆಂಡ್, ಇಟಲಿ, ಫ್ರಾನ್ಸ್, ಆಸ್ಟ್ರೇಲಿಯಾ, ಅಮೆರಿಕದಂಥ ಅನುಕೂಲವಂತ ದೇಶಗಳಲ್ಲಿ ಈ ಅಂತರ ಇನ್ನೂ ಜಾಸ್ತಿ ಇತ್ತು. ದುಡ್ಡಿದೆ, ದೀಪವಿದೆ, ಪೊಲೀಸರಿದ್ದಾರೆ. ಗಂಡಸರು ಆರಾಮಾಗಿ ಓಡಾಡುತ್ತಾರೆ. ಅದೇ ಬೀದಿಯಲ್ಲಿ ಹೆಂಗಸರು ಹಿಂದೆ ತಿರುಗಿ ನೋಡುತ್ತಾ ನಡೆಯುತ್ತಾರೆ.

ಅದೇ ಬೀದಿ ಅಂದೆ. ನಿಜಕ್ಕೂ ಇಬ್ಬರಿಗೂ ಕಾಣುವುದು ಒಂದೇ ಬೀದಿಯಾ? ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ, 2024ರಲ್ಲಿ ವರದಿ ಹೊರತಂದರು. ಸುಮಾರು 600 ಜನರಿಗೆ ಕ್ಯಾಂಪಸ್ಸಿನ ದಾರಿಗಳ ಫೋಟೋ ತೋರಿಸಿದರು. ನೀವು ಇಲ್ಲಿ ನಡೆದು ಹೋಗುತ್ತಿದ್ದೀರಿ ಅಂದುಕೊಳ್ಳಿ, ಯಾವುದು ಕಣ್ಣಿಗೆ ಬೀಳುತ್ತದೋ ಅದರ ಮೇಲೆ ಕ್ಲಿಕ್ ಮಾಡಿ ಎಂದರು. ಗಂಡಸರು ಹೆಚ್ಚಾಗಿ ದಾರಿಯನ್ನೇ ಒತ್ತಿದರು, ಇಲ್ಲವೇ ಮುಂದಿನ ದೀಪವನ್ನು, ತಲುಪಬೇಕಾದ ಕಟ್ಟಡವನ್ನು. ಹೆಂಗಸರ ಕ್ಲಿಕ್ಕುಗಳು ದಾರಿಯ ಎರಡೂ ಬದಿಗೆ ಹರಡಿದ್ದವು. ಪೊದೆ, ಕತ್ತಲೆಯ ಮೂಲೆ, ಯಾರಾದರೂ ಅಡಗಿ ನಿಲ್ಲಬಹುದಾದ ಜಾಗ. ಮನೆಗೆ ಹೋಗುವುದು ಅವನಿಗೆ ಒಂದು ನಡಿಗೆ. ಅವಳಿಗೆ ಅದರ ಜೊತೆ ಕಾವಲು ಕೆಲಸವೂ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ತಕರಾರು ಬರುತ್ತದೆ, ಅದು ನ್ಯಾಯವಾದದ್ದೇ. ಬೀದಿಯಲ್ಲಿ ಪೆಟ್ಟು ತಿನ್ನುವವರಲ್ಲಿ ಗಂಡಸರೇ ಜಾಸ್ತಿ, ಅದರಲ್ಲೂ ಹುಡುಗರು. ವಿಶ್ವಸಂಸ್ಥೆಯ ವರದಿಯಂತೆ ಜಗತ್ತಿನಲ್ಲಿ ಕೊಲೆಯಾಗುವ ಹತ್ತರಲ್ಲಿ ಎಂಟು ಮಂದಿ ಗಂಡಸರು. ಹೆಂಗಸರಿಗೆ ಜೀವದ ಅಪಾಯ ಹೆಚ್ಚು ಇರುವುದು ಮನೆಯೊಳಗೆ. 2017ರಲ್ಲಿ ಕೊಲೆಯಾದ ಸುಮಾರು 87,000 ಹೆಂಗಸರಲ್ಲಿ 50,000ದಷ್ಟು ಮಂದಿಯನ್ನು ಕೊಂದವರು ಗಂಡ, ಸಂಗಾತಿ ಅಥವಾ ಮನೆಯವರೇ. ಹಾಗಾದರೆ ಬೀದಿಗೆ ಯಾಕೆ ಹೆದರಬೇಕು, ಸುಮ್ನೆ ಮನಸ್ಸಿನ ಭ್ರಮೆ ಅಲ್ವಾ ಎಂದು ಕೇಳುವವರಿದ್ದಾರೆ.

ನನಗೆ ಹಾಗೆ ಅನ್ನಿಸುವುದಿಲ್ಲ. ಪೊಲೀಸರ ಪುಸ್ತಕಕ್ಕೆ ಏರುವುದು ಯಾವುದು, ನೋಡಿ. ಹೊಡೆತ, ಕಳವು, ಕೊಲೆ. ಯಾರೋ ನಾಲ್ಕು ತಿರುವಿನವರೆಗೂ ಹಿಂದೆಯೇ ಬಂದದ್ದು ಏರುವುದಿಲ್ಲ. ಪಕ್ಕದಲ್ಲಿ ಕಾರು ನಿಧಾನ ಮಾಡಿ ಒಂದು ಪೋಲಿ ಮಾತು ಎಸೆದು ಹೋದದ್ದು ಏರುವುದಿಲ್ಲ. ಬೇಕೆಂದೇ ಮೈ ತಾಗಿಸಿದ್ದೂ ಬಹಳ ಸಲ ಏರುವುದಿಲ್ಲ. ಇಂಥದ್ದು ಹುಡುಗಿಯರಿಗೆ ಶಾಲೆಯ ದಿನಗಳಿಂದಲೇ ಶುರುವಾಗುತ್ತದೆ, ಅದೂ ಹಾಡಹಗಲಲ್ಲೇ. ಹಿಂದೆ ಬರುತ್ತಿರುವ ಹೆಜ್ಜೆ ಮಾತಿಗೇ ನಿಲ್ಲುತ್ತದೋ ಮುಂದೆ ಹೋಗುತ್ತದೋ ಎಂದು ಆ ಹೊತ್ತಿನಲ್ಲಿ ಹೇಳುವವರು ಯಾರು? ಗಂಡಸಿಗೆ ಪರ್ಸ್ ಹೋದೀತು ಎಂಬ ಭಯ. ಹೆಂಗಸಿಗೆ ಪರ್ಸ್ ಕಿತ್ತುಕೊಳ್ಳುವವನು ಅಲ್ಲಿಗೇ ಬಿಡುತ್ತಾನಾ ಎಂಬ ಭಯ. ಅತ್ಯಾಚಾರದ ಈ ನೆರಳು ಬೇರೆಲ್ಲ ಅಪರಾಧಗಳ ಭಯವನ್ನೂ ದೊಡ್ಡದು ಮಾಡುತ್ತದೆ ಎಂದು ಸಮಾಜಶಾಸ್ತ್ರಜ್ಞ ಕೆನೆತ್ ಫೆರಾರೊ 1996ರಲ್ಲೇ ಬರೆದಿದ್ದರು.

ಇನ್ನೊಂದು ವಿಷಯವಿದೆ. ಬೀಗದ ಕೈ ಬೆರಳ ನಡುವೆ ಹಿಡಿದುಕೊಳ್ಳುವುದು. ಕಿವಿಯಲ್ಲಿ ಇಯರ್‌ಫೋನ್ ಇದ್ದರೂ ಹಾಡು ಹಾಕದೇ ಇರುವುದು. ಯಾರೂ ಆ ಕಡೆ ಇಲ್ಲದಿದ್ದರೂ ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸುವುದು. ಲೊಕೇಶನ್ ಕಳಿಸುವುದು, ಸುತ್ತು ದಾರಿ ಹಿಡಿಯುವುದು, ಮನೆ ತಲುಪಿದೆ ಎಂದು ಮೆಸೇಜು ಹಾಕುವುದು. ಸಂಜೆಯ ಕ್ಲಾಸು, ರಾತ್ರಿ ಪಾಳಿಯ ಒಳ್ಳೆ ಸಂಬಳದ ಕೆಲಸ ಬಿಟ್ಟುಬಿಡುವುದೂ ಇದರಲ್ಲೇ ಬಂತು. ಇಷ್ಟೆಲ್ಲ ಮಾಡಿದ ಮೇಲೆ ಬೀದಿಯಲ್ಲಿ ಅವಳಿಗೆ ಆಗುವ ಅನಾಹುತ ಕಡಿಮೆ ಇದ್ದರೆ, ಭಯಕ್ಕೆ ಕಾರಣವೇ ಇಲ್ಲ ಎನ್ನಲು ಬರುತ್ತದಾ? ಕೊಡೆ ಹಿಡಿದವಳು ನೆನೆಯಲಿಲ್ಲ, ಹಾಗಾಗಿ ಮಳೆಯೇ ಬರಲಿಲ್ಲ ಎಂದ ಹಾಗಾಯಿತು.

ಹಾಗೆಂದು ಗಂಡಸರೆಲ್ಲ ಎದೆ ಸೆಟೆಸಿ ನಡೆಯುತ್ತಾರೆ ಎಂದು ನಂಬಬೇಡಿ. ಬ್ರಿಟನ್ನಿನ ಸಟನ್ ಮತ್ತು ಫ್ಯಾರಲ್ ಎಂಬ ಸಂಶೋಧಕರು 2005ರಲ್ಲಿ ಒಂದು ಜಾಣತನ ಮಾಡಿದರು. ಭಯದ ಪ್ರಶ್ನೆಗಳ ಜೊತೆಗೆ, ಉತ್ತರ ಕೊಡುವವರು ತಮ್ಮನ್ನು ಎಷ್ಟು ಚೆಂದ ಮಾಡಿ ತೋರಿಸಿಕೊಳ್ಳುತ್ತಾರೆ ಎಂದು ಅಳೆಯುವ ಪ್ರಶ್ನೆಗಳನ್ನೂ ಇಟ್ಟರು. ಹಾಗೆ ತೋರಿಸಿಕೊಳ್ಳುವ ಗಂಡಸರೇ ನಮಗೆ ಭಯ ಕಡಿಮೆ ಎಂದು ಹೇಳಿದ್ದರು. ಅಂದರೆ ಮುಚ್ಚಿಟ್ಟ ಭಯವೂ ಸಾಕಷ್ಟಿದೆ. ಏಟು ತಿಂದು ಬಂದ ಹುಡುಗ ಮನೆಯಲ್ಲಿ ಬಾಯಿ ಬಿಡದೇ ಇರುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನು, ಹೆಂಗಸರು ರಾತ್ರಿ ಹೊರಗೆ ಹೋಗದಿದ್ದರಾಯಿತು ಎಂಬ ಸಲಹೆ. ಇದು ತುಂಬಾ ಹಳೆಯದು. 1970ರ ದಶಕದಲ್ಲಿ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಒಬ್ಬ ಸರಣಿ ಕೊಲೆಗಾರ ಹೆಂಗಸರನ್ನು ಕೊಲ್ಲುತ್ತಿದ್ದಾಗಲೂ ಇದೇ ಮಾತು ಬಂತು. ಅದಕ್ಕೆ ಉತ್ತರವಾಗಿ 1977ರ ನವೆಂಬರ್ 12ರ ರಾತ್ರಿ ಲೀಡ್ಸ್ ಮತ್ತಿತರ ಊರುಗಳಲ್ಲಿ ಹೆಂಗಸರು ಗುಂಪಾಗಿ ಬೀದಿಗಿಳಿದು ನಡೆದರು. ಕೊಲ್ಲುವವನು ಗಂಡಸು, ಮನೆಯಲ್ಲಿ ಕೂರಬೇಕಾದವರು ನಾವಾ ಎಂಬುದು ಅವರ ಸಿಟ್ಟು. ಆ ಸಿಟ್ಟು ನನಗೆ ಸರಿ ಅನ್ನಿಸುತ್ತದೆ.

ಮಾಡಬಹುದಾದ ಕೆಲಸಗಳಿವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 1996ರಿಂದ ರಾತ್ರಿ ಹೊತ್ತು ಎರಡು ನಿಲ್ದಾಣಗಳ ನಡುವೆಯೂ ಹೆಂಗಸರು ಬಸ್ಸಿನಿಂದ ಇಳಿಯಬಹುದು. ಬಸ್ಸಿಗೆ ಅರ್ಧ ನಿಮಿಷ ತಡವಾದೀತು, ಅವಳಿಗೆ ಕತ್ತಲೆಯ ನಡಿಗೆ ಕಡಿಮೆಯಾಗುತ್ತದೆ. ನ್ಯೂಯಾರ್ಕಿನಲ್ಲಿ 2016ರಲ್ಲಿ ಕೆಲವು ಸರ್ಕಾರಿ ವಸತಿ ಸಮುಚ್ಚಯಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ದೊಡ್ಡ ದೀಪದ ಕಂಬ ನಿಲ್ಲಿಸಿದರು. ಅಲ್ಲಿ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ನೂರಕ್ಕೆ 36ರಷ್ಟು ಇಳಿದವು. ಆದರೆ ದೀಪ ಹಾಕಿ ಪೊದೆ ಹಾಗೇ ಬಿಟ್ಟರೆ ಏನು ಬಂತು? ದೀಪದಡಿ ನಡೆಯುವವಳು ಎಲ್ಲರಿಗೂ ಕಾಣುತ್ತಾಳೆ. ಪೊದೆಯಲ್ಲಿರುವವನು ಅವಳಿಗೆ ಕಾಣುವುದಿಲ್ಲ.

ಗಂಡಸರಿಗೆ ಖರ್ಚಿಲ್ಲದ ಕೆಲಸವೊಂದಿದೆ. ಮುಂದೆ ಒಬ್ಬಳೇ ಹೋಗುತ್ತಿದ್ದರೆ ರಸ್ತೆಯ ಆ ಬದಿಗೆ ದಾಟಿಕೊಳ್ಳಿ. ಆಗದಿದ್ದರೆ ಸ್ವಲ್ಪ ನಿಂತು, ಅಂತರ ಬಿಟ್ಟು ಹೊರಡಿ. ನಾನೇನು ಕಳ್ಳನಾ ಎಂದು ಬೇಸರ ಮಾಡಿಕೊಳ್ಳಬೇಡಿ. ನೀವು ಯಾರೆಂದು ಅವಳ ಬೆನ್ನಿಗೆ ತಿಳಿಯುವುದು ಹೇಗೆ? ಹತ್ತಿರ ಹೋಗಿ, ಹೆದರಬೇಡಮ್ಮ, ನಾನು ಒಳ್ಳೆಯವನು ಎಂದು ಹೇಳುವುದು ಮಾತ್ರ ಖಂಡಿತ ಬೇಡ. ಕೆಟ್ಟವನೂ ಅದನ್ನೇ ಹೇಳುತ್ತಾನೆ.

ನಮಸ್ಕಾರ.